ಮುಸ್ತಫಾನಿಗೆ ಹಾಲ್‌ನಲ್ಲಿ ಜಾಗ ಕೊಡಬೇಕೇ?

ಪ್ರಶ್ನೆ: ಮೇಡಂ, ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಮನೆಯವರಿಗೆ 47 ವರ್ಷ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಕುಡಿಯುವುದಿಲ್ಲ, ಇಸ್ಪೀಟಿಲ್ಲ. ಭಾನುವಾರ ಮಧ್ಯಾಹ್ನ ಮಲಗುವುದು ಬಿಟ್ಟರೆ ಇನ್ನೊಂದು ಚಟವಿರಲಿಲ್ಲ. ಯುಗಾದಿ ಕಳೆದ ಮೇಲೆ ಇದ್ದಕ್ಕಿದ್ದಂತೆ ವಿಡಿಯೋ ಗೇಮ್ ಪೆಟ್ಟಿಗೆ ಕಟ್ಟುವ ಹುಚ್ಚು ಹಿಡಿದಿದೆ. ಹಿಂದೆ ಬಸ್ ಸ್ಟ್ಯಾಂಡ್ ಹತ್ತಿರ ಹುಡುಗರು ಒಂದು ರೂಪಾಯಿ ಹಾಕಿ ನಿಂತುಕೊಂಡು ಆಡುತ್ತಿದ್ದರಲ್ಲ, ಅಂಥದ್ದು. ಅದನ್ನು ಸ್ವಂತ ಕೈಯಲ್ಲೇ ಮಾಡಬೇಕಂತೆ. ಎರಡು ಪ್ಲೈವುಡ್ ಶೀಟು, ಗುಜರಿಯಿಂದ ತಂದ 21 ಇಂಚಿನ ಡಬ್ಬಾ ಟಿವಿ, ಪಾರ್ಸೆಲ್‌ನಲ್ಲಿ ಬಂದ ಬಣ್ಣಬಣ್ಣದ ಬಟನ್ನುಗಳು, ಎಲ್ಲ ಹಾಲ್‌ನಲ್ಲೇ ಇವೆ. ದಿವಾನ ಅತ್ತೆಯವರ ಕೋಣೆಗೆ ಹೋಗಿದೆ. ನಾಲ್ಕು ತಿಂಗಳಾಯಿತು, ಇವತ್ತಿನವರೆಗೆ ಒಂದು ಪಕ್ಕದ ಹಲಗೆ ಮಾತ್ರ ಕೊಯ್ದಿದ್ದಾರೆ.

ಟಿವಿ ಬಿಚ್ಚಿ ಒಳಗಿನ ಟ್ಯೂಬ್ ತೆಗೆದು ಪೆಟ್ಟಿಗೆಗೆ ಕೂರಿಸುತ್ತೇನೆ ಅನ್ನುತ್ತಾರೆ. ಶಾಕ್ ಹೊಡೆದರೆ ಏನು ಗತಿ ಎಂದು ನನಗೆ ನಿದ್ದೆ ಇಲ್ಲ. ಅದನ್ನು ಹೇಳಿದರೆ "ನಿನಗೇನು ಗೊತ್ತು" ಎನ್ನುತ್ತಾರೆ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಪುಸ್ತಕ ಬಿಟ್ಟು ಅಪ್ಪನ ಜೊತೆ ಯೂಟ್ಯೂಬ್ ನೋಡುತ್ತಾ ಕೂರುತ್ತಾನೆ. ಖರ್ಚು 19,000 ದಾಟಿದೆ, ಅವನ ಪಿಯುಸಿಗೆ ಅಂತ ಕಟ್ಟುತ್ತಿದ್ದ ಆರ್‌ಡಿ ಮುರಿದಿರುವುದು ಪಾಸ್‌ಬುಕ್ ನೋಡಿದಾಗ ತಿಳಿಯಿತು. ಅತ್ತೆಯವರು ಮಾತ್ರ, "ನಿಮ್ಮ ಮಾವ ಇವನನ್ನ ಆ ಅಂಗಡಿಯಿಂದ ಕಿವಿ ಹಿಡ್ಕಂಡು ಎಳ್ಕಂಡ್ ಬರ್ತಿದ್ರು, ಈಗ ಅಂಗಡೀನೇ ಮನೆಗೆ ತಂದಾನೆ" ಅಂತ ನಗುತ್ತಾರೆ. ಈ ವಯಸ್ಸಿನಲ್ಲಿ ಇದು ಬೇಕೇ? ಇವರನ್ನು ಯಾರಿಗಾದರೂ ತೋರಿಸಬೇಕೇ? ಇಲ್ಲಾ, ಎಲ್ಲವನ್ನೂ ಗುಜರಿಗೆ ಹಾಕಿಬಿಡಲೇ?

ಹೆಸರು ಬೇಡ, ಶಿವಮೊಗ್ಗ

ಉತ್ತರ: ಗುಜರಿಗೆ ಹಾಕಬೇಡಿ. ಯಾರಿಗೂ ತೋರಿಸುವುದೂ ಬೇಡ. ನಿಮ್ಮ ಮನೆಯವರ ತಲೆ ನೆಟ್ಟಗಿದೆ, ಕೆಟ್ಟಿರುವುದು ಹಾಲ್ ಮಾತ್ರ. ಆದರೆ ಒಂದು ವಿಷಯ ನಾಳೆಯವರೆಗೂ ಕಾಯುವಂಥದ್ದಲ್ಲ: ಆ ಡಬ್ಬಾ ಟಿವಿಯ ಹಿಂದಿನ ಸ್ಕ್ರೂಗೆ ಅವರು ಕೈ ಹಚ್ಚಕೂಡದು.

"ನಿನಗೇನು ಗೊತ್ತು" ಎಂದವರ ಕೈಗೇ ಈ ಪುಟ ಕೊಡಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವಳ ಮಾತು ಇದು, ಬರೀ ಸಲಹೆಗಾರ್ತಿಯದಲ್ಲ. ಬಣ್ಣದ ಪಿಕ್ಚರ್ ಟ್ಯೂಬಿನ ಬೆನ್ನ ಮೇಲೆ ರಬ್ಬರ್ ಮುಚ್ಚಳವೊಂದು ಅಂಟಿಕೊಂಡಿರುತ್ತದೆ, ಅದರಡಿಗೆ ದಪ್ಪನೆಯ ವಯರೊಂದು ಸೇರುತ್ತದೆ. ಟಿವಿ ಓಡುವಾಗ ಅಲ್ಲಿ 20ರಿಂದ 25 ಸಾವಿರ ವೋಲ್ಟ್. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ವಿದ್ಯುತ್ ಹರಿಯುವ ಲೇಪ ಇರುವುದರಿಂದ ಟ್ಯೂಬೇ ಒಂದು ಕೆಪಾಸಿಟರ್ ಆಗಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ, ಎಷ್ಟು ಹೊತ್ತು ಎಂದು ನೋಡಿ ಹೇಳಲಾಗದು. ಕೆಳಗಿನ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಬೇರೆ ಮುನ್ನೂರು ವೋಲ್ಟಿನಷ್ಟು ಅಡಗಿರಬಹುದು. ಶಾಕ್‌ಗಿಂತ ಹೆಚ್ಚಾಗಿ ನಾನು ಹೆದರುವುದು ಶಾಕ್ ಹೊಡೆದಾಗ ಕೈ ಹಿಂದಕ್ಕೆ ಎಗರುವ ರಭಸಕ್ಕೆ. ಟ್ಯೂಬಿನ ಹಿಂದಿನ ಸಣ್ಣ ಕುತ್ತಿಗೆ ಮುರಿದರೆ, ಒಳಗೆ ನಿರ್ವಾತ ಇರುವುದರಿಂದ ಗಾಜು ಒಳಕ್ಕೆ ಕುಸಿದು ಚೂರು ಸಿಡಿಯಬಹುದು. ಹಳೆಯ ಟಿವಿ ಮೆಕ್ಯಾನಿಕ್‌ಗಳು ಈ ಕೆಲಸ ಮಾಡುತ್ತಿದ್ದರು, ನಿಜ. ಅವರು ಅದನ್ನು ಕಲಿತಿದ್ದರು, ಯೂಟ್ಯೂಬ್ ನೋಡಿ ಶುರುಮಾಡಿದವರಲ್ಲ.

ಡಬ್ಬಾ ಟಿವಿಯೇ ಬೇಕು ಎಂಬ ಅವರ ಹಟವನ್ನು ಮಾತ್ರ ನಾನು ಹೀಗಳೆಯುವುದಿಲ್ಲ. ಆ ಆಟಗಳ ಚಿತ್ರ ಬರೆದವರು ಅದೇ ಪರದೆಗೆಂದು ಬರೆದಿದ್ದು. ಗೆರೆಗಳ ನಡುವಿನ ಕಪ್ಪು ಸಂದು, ಅಂಚಿನ ಮಸುಕು ಎಲ್ಲ ಸೇರಿಯೇ ಆ ಚಂದ. ಬೇಕೇ ಬೇಕೆಂದರೆ ಟಿವಿಯನ್ನು ಬಿಚ್ಚದೆ, ಅದರ ಪ್ಲಾಸ್ಟಿಕ್ ಕವಚದ ಸಮೇತ ಪೆಟ್ಟಿಗೆಯೊಳಗಿನ ಗಟ್ಟಿ ಅಟ್ಟಣಿಗೆಯ ಮೇಲಿಟ್ಟು, ಮುಂದೆ ಕಪ್ಪು ಚೌಕಟ್ಟು ಹೊಡೆದರೆ ಸಾಕು. ಹಿಂದಿನ ಹಳದಿ ಎವಿ ಪಿನ್ನಿಗೆ ಚಿತ್ರ ಕೊಡುವ ದಾರಿಗಳಿವೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಹಾಡು ಕೇಳುವ ತೂತಿನಿಂದಲೇ ಆ ಸಿಗ್ನಲ್ ತೆಗೆಯಬಹುದು. ಆದರೆ ಇಪ್ಪತ್ತು ಕೆ.ಜಿ. ಆಚೀಚೆ ತೂಗುವ ಆ ಟಿವಿಯನ್ನು ಹೊರಲು ಪೆಟ್ಟಿಗೆ ಬೀರುವಿನಷ್ಟಾಗಬೇಕು. ನಿಮ್ಮ ಹಾಲ್ ಅದನ್ನು ತಡೆಯುವಂತೆ ಕಾಣುವುದಿಲ್ಲ. ಹಳೆ ಆಫೀಸುಗಳು ತೆಗೆದುಹಾಕುವ 19 ಇಂಚಿನ ಚೌಕ ಎಲ್‌ಸಿಡಿ ಮಾನಿಟರ್ ಇದಕ್ಕೆ ಹೇಳಿಮಾಡಿಸಿದ್ದು. ಈಗಿನ ಅಗಲ ಪರದೆಯಲ್ಲಿ ಆ ಕಾಲದ ಆಟದ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಚೌಕ ಪರದೆಯಲ್ಲಿ ಚಿತ್ರ ಹೆಚ್ಚುಕಮ್ಮಿ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥವು ಸಿಗುತ್ತವೆ, ನಿಮ್ಮ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೂ ಕೇಳಿ ನೋಡಿ.

ಇನ್ನು ಎರಡನೆಯದು. ನಿಮ್ಮ ಪತ್ರದಲ್ಲಿ ಟಿವಿ, ಪ್ಲೈವುಡ್, ದಿವಾನ ಎಲ್ಲಕ್ಕೂ ಸಾಲುಗಟ್ಟಲೆ ಜಾಗವಿದೆ, ಆರ್‌ಡಿ ಮುರಿದದ್ದು ಮಾತ್ರ ಖರ್ಚಿನ ಮಾತಿನ ಬಾಲದಲ್ಲಿ ಬಂದಿದೆ. ನನಗೆ ದೊಡ್ಡದಾಗಿ ಕಂಡದ್ದು ಅದೇ. 19,000 ರೂಪಾಯಿ ಹೋಯಿತೆಂಬುದಲ್ಲ, ಬೇರೆ ಹವ್ಯಾಸಗಳಿಗೆ ಜನ ಇದಕ್ಕಿಂತ ಹೆಚ್ಚು ಸುರಿಯುತ್ತಾರೆ. ಮಗನ ಹೆಸರಿನಲ್ಲಿ ಇಬ್ಬರೂ ಸೇರಿ ಇಟ್ಟ ದುಡ್ಡನ್ನು ಒಬ್ಬರೇ ಮುರಿದರು, ಹೇಳಲೂ ಇಲ್ಲ. ಬ್ಯಾಂಕಿನಲ್ಲಿ ಕೂತು ದಿನವಿಡೀ ಬೇರೆಯವರ ಜಂಟಿ ಖಾತೆಗೆ ಎರಡು ಸಹಿ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಮಾತನ್ನು ಪೆಟ್ಟಿಗೆಯ ಜಗಳದ ಜೊತೆ ಬೆರೆಸಬೇಡಿ. ಬೆರೆಸಿದರೆ ಅವರು "ನನಗೊಂದು ಆಸೆಯೂ ಇರಬಾರದೇ" ಎಂದು ಆಸೆಯ ಹಿಂದೆ ಅವಿತುಕೊಳ್ಳುತ್ತಾರೆ. ಪ್ರತ್ಯೇಕವಾಗಿ ಒಂದು ಸಂಜೆ ಕೂರಿಸಿ, "ಪೆಟ್ಟಿಗೆ ಮಾಡಿ, ಬೇಡ ಅನ್ನಲ್ಲ. ಆರ್‌ಡಿ ದುಡ್ಡು ಯಾವ ತಿಂಗಳಿಗೆ ವಾಪಸ್ ತುಂಬುತ್ತೀರಿ, ಅದನ್ನ ಮೊದಲು ಹೇಳಿ" ಎನ್ನಿ. ಉತ್ತರ ಬರುವವರೆಗೆ ಹೊಸ ಪಾರ್ಸೆಲ್ ಬರಕೂಡದು. ಇಷ್ಟರಲ್ಲಿ ನೀವು ಮೆತ್ತಗಾಗಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಇದು ಹುಚ್ಚೇ ಎಂದು ಕೇಳಿದ್ದೀರಿ. ಲೆಕ್ಕ ಹಾಕಿ ನೋಡಿ. ಅವರಿಗೀಗ 47. ಅಂದರೆ 1993ರಲ್ಲಿ, ಹೆಚ್ಚುಕಮ್ಮಿ ಈಗ ನಿಮ್ಮ ಮಗನಿಗಿರುವ ವಯಸ್ಸು. ಆ ವರ್ಷವೇ ಜಪಾನಿನ ಕ್ಯಾಪ್‌ಕಾಮ್ ಕಂಪನಿ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂಬ ಆಟ ಬಿಟ್ಟಿತು. ಅಮೆರಿಕದ ಕಾಮಿಕ್ ಒಂದರಿಂದ ಹುಟ್ಟಿದ ಆ ಆಟಕ್ಕೆ ನಮ್ಮ ಹುಡುಗರು ಆ ಉದ್ದನೆಯ ಹೆಸರಿಡಲಿಲ್ಲ. ಅದರಲ್ಲಿ ಆರಿಸಿಕೊಳ್ಳಬಹುದಾದ ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರು ಮುಸ್ತಫಾ, ಅಷ್ಟೇ ಸಾಕಾಯಿತು. ಭಾರತದ ಊರೂರಿನಲ್ಲೂ ಆಟದ ಹೆಸರೇ 'ಮುಸ್ತಫಾ' ಆಯಿತು. ಏಕಕಾಲಕ್ಕೆ ಮೂವರು ಅಕ್ಕಪಕ್ಕ ನಿಂತು ಆಡಬಹುದಿತ್ತು. ಹಿಂದೆ ಇನ್ನು ನಾಲ್ವರು ಭುಜದ ಮೇಲಿಂದ ಇಣುಕಿ ಸಲಹೆ ಕೊಡುತ್ತಿದ್ದರು. ನಿಮ್ಮವರು ಕಟ್ಟಲು ಹೊರಟಿರುವುದು ಇದನ್ನೇ ಎಂದು ನಾನು ಪಂತ ಕಟ್ಟುತ್ತೇನೆ, ಒಮ್ಮೆ ಕೇಳಿ ನೋಡಿ.

ಆ ಅಂಗಡಿಗಳ ಪೆಟ್ಟಿಗೆಗಳೂ ಬಹುಪಾಲು ಊರಿನ ಬಡಗಿಗಳೇ ಹೊಡೆದವು. 1980ರ ದಶಕದ ಮಧ್ಯದಲ್ಲಿ ಜಪಾನಿನ ತಯಾರಕರ ಸಂಘ ಜಾಮಾ ಎಂಬ ಒಂದೇ ಅಳತೆಯ, 56 ಪಿನ್ನಿನ ಜೋಡಣೆಯನ್ನು ಗೊತ್ತುಮಾಡಿತ್ತು. ಹಾಗಾಗಿ ಪೆಟ್ಟಿಗೆ ಯಾರೇ ಮಾಡಲಿ, ಆಟದ ಬೋರ್ಡು ಎಲ್ಲಿಂದಲೇ ಬರಲಿ, ಒಳಗೆ ತುರುಕಿದರೆ ಓಡುತ್ತಿತ್ತು. ಹಳೆಯದು ಹಳಸಿದರೆ ಬೋರ್ಡು ಮಾತ್ರ ಬದಲು. ಅಂದಮೇಲೆ ಕೈಯಲ್ಲಿ ಗರಗಸ ಹಿಡಿದ ನಿಮ್ಮ ಮನೆಯವರು ಹೊಸ ಕೆಲಸವನ್ನೇನೂ ಶುರುಮಾಡಿಲ್ಲ. ಕಿವಿ ಹಿಡಿದು ಎಳೆಯುವವರಿಲ್ಲದೆ ಒಂದು ಆಟವನ್ನು ಕೊನೆಯವರೆಗೆ ಆಡಬೇಕೆಂಬ ಆಸೆ ಇದ್ದರೆ ಇರಲಿ ಬಿಡಿ.

ಹಾಗಾದರೆ ನಾಲ್ಕು ತಿಂಗಳಲ್ಲಿ ಒಂದೇ ಹಲಗೆ ಏಕೆ? ಏಕೆಂದರೆ ಅವರು ತಪ್ಪು ತುದಿಯಿಂದ ಶುರುಮಾಡಿದ್ದಾರೆ. ಈ ಹವ್ಯಾಸಕ್ಕೆ ಇಳಿಯುವ ಬಹುತೇಕರು ಮರದಿಂದಲೇ ಶುರುಮಾಡುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಪೆಟ್ಟಿಗೆ. ಮೊದಲು ಆಗಬೇಕಾದ್ದು ಒಂದು ಪಟ್ಟಿ: ಯಾವ ಆಟಗಳನ್ನು ಆಡುತ್ತೇನೆ? ಹತ್ತು ಸಾಕು. ಉಳಿದ ಅಳತೆಗಳೆಲ್ಲ ಆ ಪಟ್ಟಿಯಿಂದ ಹುಟ್ಟುತ್ತವೆ.

ಪ್ಯಾಕ್‌ಮ್ಯಾನ್ ತೆಗೆದುಕೊಳ್ಳಿ. ಅದಕ್ಕೆ ಬಟನ್ನೇ ಬೇಡ, ಒಂದು ಜಾಯ್‌ಸ್ಟಿಕ್ ಸಾಕು. ಆದರೆ ಆ ಜಾಯ್‌ಸ್ಟಿಕ್ ನಾಲ್ಕೇ ದಿಕ್ಕಿಗೆ ಚಲಿಸಬೇಕು. ಎಂಟು ದಿಕ್ಕಿನದಾದರೆ ಮೂಲೆಗಳಲ್ಲಿ ತಿರುವು ತಪ್ಪಿ ಭೂತದ ಬಾಯಿಗೆ ಬೀಳುತ್ತೀರಿ, ತಪ್ಪು ನಿಮ್ಮದೆಂದುಕೊಳ್ಳುತ್ತೀರಿ. ಪರದೆಯೂ ಅದಕ್ಕೆ ನೆಟ್ಟಗೆ, ಅಂದರೆ ಎತ್ತರ ಹೆಚ್ಚು ಅಗಲ ಕಡಿಮೆ ಇರಬೇಕು. 'ಡಾಂಕಿ ಕಾಂಗ್'ಗೆ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಜೊತೆ ಹಾರಲು ಒಂದು ಬಟನ್. 1991ರ 'ಸ್ಟ್ರೀಟ್ ಫೈಟರ್ 2'ಕ್ಕೆ ಪ್ರತಿಯೊಬ್ಬರಿಗೂ ಆರು ಬಟನ್, ಮೂರು ಗುದ್ದಿಗೆ, ಮೂರು ಒದೆತಕ್ಕೆ. ಮುಸ್ತಫಾನಿಗೆ ಎಂಟು ದಿಕ್ಕಿನ ಜಾಯ್‌ಸ್ಟಿಕ್, ಹೊಡೆಯಲೊಂದು ಹಾರಲೊಂದು ಎಂದು ಎರಡೇ ಬಟನ್, ಪರದೆ ಅಡ್ಡಕ್ಕೆ. ಎರಡೂ ಒಟ್ಟಿಗೆ ಒತ್ತಿದರೆ ವಿಶೇಷ ಹೊಡೆತ. ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಆಡುತ್ತೇನೆ ಎಂದು ಹೊರಟವರ ಪ್ಯಾನೆಲ್ ಮೇಲೆ ಇಪ್ಪತ್ತು ಬಟನ್ ಎದ್ದು ನಿಲ್ಲುತ್ತವೆ. ಪಟ್ಟಿಯಲ್ಲಿ ಮುಸ್ತಫಾನಂಥ ಹೊಡೆದಾಟದ ಆಟಗಳೇ ಇದ್ದರೆ ಇಬ್ಬರಿಗೆ ಎರಡು ಜಾಯ್‌ಸ್ಟಿಕ್, ತಲಾ ಎರಡು ಮೂರು ಬಟನ್. ಪಾರ್ಸೆಲ್‌ನಲ್ಲಿ ಬಂದ ಅರ್ಧ ಸಾಮಾನು ವಾಪಸ್ ಕಳಿಸಬಹುದು.

ಪಟ್ಟಿಯಾದ ಮೇಲೂ ಮರ ಮುಟ್ಟುವಂತಿಲ್ಲ. ಈ ಭಾನುವಾರ ದಪ್ಪ ರಟ್ಟಿನ ಡಬ್ಬಿಯೊಂದರ ಮೇಲ್ಭಾಗಕ್ಕೆ ತೂತು ಕೊರೆದು ಜಾಯ್‌ಸ್ಟಿಕ್, ಬಟನ್ ಕೂರಿಸಲಿ. ಬಟನ್ ಕಿಟ್ ಜೊತೆ ಬರುವ ಸಣ್ಣ ಯುಎಸ್‌ಬಿ ಬೋರ್ಡಿಗೆ ವಯರುಗಳನ್ನು ಚುಚ್ಚಿ ಲ್ಯಾಪ್‌ಟಾಪಿಗೆ ಸೇರಿಸಿದರೆ ಕಂಪ್ಯೂಟರ್ ಅದನ್ನು ಗೇಮ್‌ಪ್ಯಾಡ್ ಎಂದೇ ತಿಳಿಯುತ್ತದೆ. ಬೆಸುಗೆಯೂ ಬೇಕಿಲ್ಲ. ರಟ್ಟಿನ ಮೇಲೆ ಒಂದು ವಾರ ಆಡಲಿ. ಬಟನ್‌ಗಳ ನಡುವಿನ ದೂರ ಹೆಚ್ಚಾಯಿತೇ, ಮಣಿಕಟ್ಟು ನೋಯುತ್ತದೆಯೇ, ಮಗನ ಮೊಣಕೈ ಅಪ್ಪನಿಗೆ ತಾಗುತ್ತದೆಯೇ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ರಟ್ಟು ಕೆಟ್ಟರೆ ಇನ್ನೊಂದು ರಟ್ಟು. ಪ್ಲೈ ಕೆಟ್ಟರೆ ನೀವು ನನಗೆ ಮತ್ತೊಂದು ಪತ್ರ ಬರೆಯಬೇಕಾಗುತ್ತದೆ.

ಬಟನ್ ವಿಷಯದಲ್ಲಿ ಇನ್ನೊಂದು ಮಾತು. ತುಂಬ ಜನ ಮುಗ್ಗರಿಸುವ ಜಾಗ ಇದು, ಆದರೆ ಯಾರೂ ಮೊದಲೇ ಹೇಳುವುದಿಲ್ಲ. ಪಾರ್ಸೆಲ್‌ನಲ್ಲಿ ಬಂದಿರುವವು ಪಕ್ಕದಲ್ಲಿ ಎರಡು ಸಣ್ಣ ಕಿವಿ ಇರುವ, ಒತ್ತಿದರೆ ಟಕ್ ಎಂದು ಕೂರುವ ಜಪಾನಿ ಮಾದರಿಯವಾದರೆ, ಅವಕ್ಕೆ 30 ಮಿ.ಮೀ. ತೂತು ಬೇಕು. ಹಲಗೆಯ ದಪ್ಪ ಮೂರು ನಾಲ್ಕು ಮಿ.ಮೀ. ದಾಟಕೂಡದು. ನೀವು ತಂದ ಪ್ಲೈ 18 ಮಿ.ಮೀ. ಇರಬೇಕು, ಅದರಲ್ಲಿ ಕಿವಿಗಳಿಗೆ ಹಿಡಿತ ಸಿಗದು, ಎರಡು ದಿನದಲ್ಲಿ ಬಟನ್ ಮೇಲೆದ್ದು ಬರುತ್ತದೆ. ಹಿಂದಿನಿಂದ ನಟ್ಟು ತಿರುಗಿಸಿ ಬಿಗಿಯುವ ಉದ್ದ ಕತ್ತಿನ ಅಮೆರಿಕನ್ ಮಾದರಿ ತರಿಸಬೇಕು, ಅದಕ್ಕೆ 28 ಮಿ.ಮೀ. ಚಿಲ್ಲರೆ ತೂತು. ಇಲ್ಲವೇ ಪ್ಯಾನೆಲ್ ಮೇಲ್ಭಾಗಕ್ಕೆ ಮಾತ್ರ ಅಕ್ರಿಲಿಕ್ ಶೀಟು ಅಥವಾ ತಗಡು ಹಾಕಬೇಕು. ಪ್ಲೈ ಕೊರೆಯುವಾಗ, ದುಂಡು ತೂತು ಕೊಯ್ಯುವ ಹೋಲ್‌ಸಾದ ನಡುವಿನ ಮೊನೆ ಆಚೆ ಬದಿಗೆ ಕಂಡ ತಕ್ಷಣ ನಿಲ್ಲಿಸಿ, ಹಲಗೆ ತಿರುಗಿಸಿ ಆ ಕಡೆಯಿಂದ ಮುಗಿಸಬೇಕು. ಇಲ್ಲದಿದ್ದರೆ ಮೇಲಿನ ಪದರ ಕಿತ್ತು ಬಟನ್ ಸುತ್ತ ಸೀಳು ಏಳುತ್ತದೆ.

ಈಗ ಹಾಲ್. ನಿಂತು ಆಡುವ ಆಳೆತ್ತರದ ಪೆಟ್ಟಿಗೆ ಎಲ್ಲರ ಕನಸು, ಆದರೆ ಅದರ ಮುಕ್ಕಾಲು ಭಾಗ ಖಾಲಿ ಜಾಗ. ಮೇಜಿನ ಮೇಲಿಡುವ ಗಿಡ್ಡ ಪೆಟ್ಟಿಗೆಯೂ ಒಂದು ಮಾದರಿ, ಬಾರ್‌ಟಾಪ್ ಎನ್ನುತ್ತಾರೆ. ಅಗಲ ಎರಡಡಿ, ಒಳಗೆ ಮಾನಿಟರ್, ಕಂಪ್ಯೂಟರ್, ಸ್ಪೀಕರ್. ಒಂದು ಶೀಟಿನಲ್ಲೇ ಮುಗಿಯುತ್ತದೆ, ಕತ್ತರಿಸದ ಎರಡನೇ ಶೀಟನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಬಹುದು. ಆಡದಾಗ ಇಬ್ಬರು ಎತ್ತಿ ಕಪಾಟಿನ ಮೇಲಿಡಬಹುದು. ಪತ್ರ ಬರೆದ ನೀವೂ, ಹಲಗೆ ಕೊಯ್ದ ಅವರೂ ಇದಕ್ಕೆ ಒಪ್ಪಬಹುದೆಂದು ನನ್ನ ಅನಿಸಿಕೆ.

ಆದರೂ ಇನ್ನೊಂದು ಮಾದರಿಯನ್ನು ನಿಮಗಾಗಿಯೇ ಹೇಳುತ್ತೇನೆ. ಜಪಾನಿನಲ್ಲಿ 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್' ಬಂದಾಗ ಕಾಫಿ ಅಂಗಡಿಗಳು ತಮ್ಮ ಮೇಜುಗಳನ್ನೇ ಆಟದ ಮೇಜು ಮಾಡಿಕೊಂಡವು. ಗಾಜಿನಡಿಯಲ್ಲಿ ಪರದೆ, ಎದುರುಬದುರು ಇಬ್ಬರು, ಒಬ್ಬರ ಸರದಿ ಮುಗಿದು ಇನ್ನೊಬ್ಬರಿಗೆ ಬಂದಾಗ ಚಿತ್ರ ತಾನೇ ತಲೆಕೆಳಗಾಗಿ ತಿರುಗುತ್ತಿತ್ತು. ನಮ್ಮ ಭಾಷೆಯಲ್ಲಿ ಟೀಪಾಯಿ. ನೀವು ಪತ್ರದಲ್ಲಿ "ಹುಡುಗರು ನಿಂತುಕೊಂಡು ಆಡುತ್ತಿದ್ದರಲ್ಲ" ಎಂದು ಬರೆದಿದ್ದೀರಿ. ಹೌದು, ಹುಡುಗರು. ಆ ಅಂಗಡಿ ದಾಟುವಾಗ ನಾವು ಹೆಣ್ಣುಮಕ್ಕಳು ಹೆಜ್ಜೆ ಬೇಗ ಹಾಕುತ್ತಿದ್ದೆವು, ಒಳಗಿನಿಂದ ಬರುವ ಸದ್ದಷ್ಟೇ ನಮ್ಮ ಪಾಲಿಗೆ. ಇದು ನಮ್ಮೂರಿನ ಕಥೆ ಮಾತ್ರವಲ್ಲ. 1980ರಲ್ಲಿ ನಾಮ್ಕೋ ಕಂಪನಿಗಾಗಿ ಪ್ಯಾಕ್‌ಮ್ಯಾನ್ ರೂಪಿಸಿದ ತೋರು ಇವಾತಾನಿ, ಆಟದಂಗಡಿಗಳು ಗಂಡಸರ ತಾಣವಾಗಿದ್ದವು, ಹೆಂಗಸರೂ ಜೋಡಿಗಳೂ ಬರಲೆಂದೇ ಗುಂಡು ಬಂದೂಕು ಬಿಟ್ಟು ತಿನ್ನುವುದನ್ನು ಆಟ ಮಾಡಿದೆ ಎಂದು ಹೇಳಿಕೊಂಡಿದ್ದಾರೆ. ಹೆಂಗಸರೆಂದರೆ ತಿಂಡಿ ಎಂಬ ಆ ಲೆಕ್ಕಾಚಾರ ನನಗೇನೂ ಹಿಡಿಸಲಿಲ್ಲ, ಆಟ ಮಾತ್ರ ಚೆನ್ನಾಗಿದೆ. ಟೀಪಾಯಿ ಮಾಡಿದರೆ ಅದರಲ್ಲಿ ಮುಸ್ತಫಾ ಒಗ್ಗುವುದಿಲ್ಲ, ಪ್ಯಾಕ್‌ಮ್ಯಾನ್ ಒಗ್ಗುತ್ತದೆ. ಗಾಜಿನ ಮೇಲೆ ಕಾಫಿ ಚೆಲ್ಲುತ್ತದೆ, ಮೊಣಕಾಲು ತಗುಲುತ್ತದೆ, ಅದೂ ನಿಜ. ಹಾಗಾಗಿ ನನ್ನ ಮತ ಬಾರ್‌ಟಾಪ್‌ಗೇ. ಆದರೆ ಹತ್ತು ಆಟದ ಪಟ್ಟಿಯಲ್ಲಿ ಎರಡು ನಿಮ್ಮ ಆಯ್ಕೆಯವು ಇರಬೇಕೆಂದು ಪಟ್ಟು ಹಿಡಿಯಿರಿ. ಜಾಯ್‌ಸ್ಟಿಕ್‌ನ ಅಡಿಯ ಚೌಕಟ್ಟನ್ನು ತಿರುಗಿಸಿದರೆ ಎಂಟು ದಿಕ್ಕು ನಾಲ್ಕಾಗುವ ಮಾದರಿಗಳಿವೆ, ಅಂಥದ್ದನ್ನೇ ತರಲಿ.

ಪಟ್ಟಿ ಎಂದಾಗ ಒಂದು ತೊಡಕು ಬರುತ್ತದೆ. 'ಹತ್ತು ಸಾವಿರ ಆಟಗಳು' ಎಂದು ಮಾರುವ ಪೆನ್‌ಡ್ರೈವ್, ಮೆಮೊರಿ ಕಾರ್ಡು ನಿಮ್ಮವರ ಕಣ್ಣಿಗೂ ಬಿದ್ದಿರುತ್ತವೆ. ಹಳೆ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ 'ಮೇಮ್' ಎಂಬ ತಂತ್ರಾಂಶವನ್ನು ಇಟಲಿಯ ನಿಕೋಲಾ ಸಾಲ್ಮೊರಿಯಾ 1997ರಲ್ಲಿ ಹೊರತಂದರು. ಅದು ಉಚಿತ, ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ಅದರೊಳಗೆ ಓಡುವ ಆಟಗಳ ಹಕ್ಕು ಈಗಲೂ ಆಯಾ ಕಂಪನಿಗಳದು. ಪೆನ್‌ಡ್ರೈವ್ ಮಾರುವವನಿಗೆ ಆ ಹಕ್ಕಿಲ್ಲ. ಮಾಲೀಕರೇ ಅನುಮತಿ ಕೊಟ್ಟ ಕೆಲವು ಹಳೆ ಆಟಗಳನ್ನು ಮೇಮ್ ತಂಡವೇ ಪುಕ್ಕಟೆ ಕೊಡುತ್ತದೆ. ದುಡ್ಡು ಕೊಡುವುದಾದರೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕ್ಯಾಪ್‌ಕಾಮ್‌ನವರೇ 2018ರಲ್ಲಿ ಬಿಟ್ಟ ಏಳು ಹೊಡೆದಾಟದ ಆಟಗಳ ಕಟ್ಟು ಇದೆ, 'ಫೈನಲ್ ಫೈಟ್', 'ಕ್ಯಾಪ್ಟನ್ ಕಮಾಂಡೋ' ಎರಡೂ ಅದರಲ್ಲಿವೆ. ನಿಮ್ಮವರು ಎರಡನೆಯದರ ಹೆಸರು ಕೇಳಿದರೆ ಎದ್ದು ಕೂರುತ್ತಾರೆ. ಪ್ಯಾಕ್‌ಮ್ಯಾನ್ ಸಂಗ್ರಹವೂ ಸಿಗುತ್ತದೆ. ಇದರಿಂದ ಇನ್ನೊಂದು ಲಾಭ: ಇವೆಲ್ಲ ವಿಂಡೋಸ್ ಕಂಪ್ಯೂಟರಿನಲ್ಲಿ ಓಡುತ್ತವೆ, ಹಾಗಾಗಿ ಹೊಸ ಬೋರ್ಡು ಕೊಳ್ಳದೆ ಮನೆಯ ಹಳೆ ಲ್ಯಾಪ್‌ಟಾಪನ್ನೇ ಪೆಟ್ಟಿಗೆಯೊಳಗೆ ಮಲಗಿಸಬಹುದು.

ಮುಸ್ತಫಾ ಮಾತ್ರ ಆ ಕಟ್ಟಿನಲ್ಲಿಲ್ಲ. ಇದು ಅವರ ಮನಸ್ಸಿಗೆ ನಾಟುವ ಸುದ್ದಿ, ನೀವೇ ಮೆತ್ತಗೆ ತಿಳಿಸಿ. ಅಸಲಿ ಬೋರ್ಡನ್ನೇ ಎಲ್ಲಿಂದಾದರೂ ತರಿಸುತ್ತೇನೆ ಎಂದು ಹೊರಟರೆ ಇದನ್ನೂ ಸೇರಿಸಿ ಹೇಳಿ: ಆ ಬೋರ್ಡಿನೊಳಗೆ ಒಂದು ಬ್ಯಾಟರಿ ಇದೆ, ನಕಲು ತಡೆಯಲು ಬೀಗದ ಕೀಲಿಯ ಅಂಕಿಗಳನ್ನು ಅದರ ಬಲದಿಂದಲೇ ಉಳಿಸಿಟ್ಟಿರುತ್ತಾರೆ. ಬ್ಯಾಟರಿ ಸತ್ತ ದಿನ ಆ ಅಂಕಿಗಳು ಅಳಿದು ಬೋರ್ಡು ಕೈಕೊಡುತ್ತದೆ. ಮೂವತ್ತು ವರ್ಷ ದಾಟಿದ ಬೋರ್ಡಿಗೆ ದುಬಾರಿ ಬೆಲೆ ತೆತ್ತು, ಅದನ್ನು ಬದುಕಿಸಲು ಇನ್ನೊಬ್ಬ ತಜ್ಞನನ್ನು ಹುಡುಕುವುದು ಆರ್‌ಡಿ ಮುರಿದ ಮನೆಗೆ ಹೇಳಿಸಿದ್ದಲ್ಲ.

ಮಗನ ಮಾತಿಗೆ ಬರೋಣ. ಹತ್ತನೇ ತರಗತಿಯ ಹುಡುಗನಿಗೆ ಅಪ್ಪನ ಜೊತೆ ಕೂತು ವಯರ್ ಜೋಡಿಸುವುದು ಬೇಡ ಎನ್ನಬೇಡಿ, ಈ ವಯಸ್ಸಿನಲ್ಲಿ ಅಪ್ಪಂದಿರ ಪಕ್ಕ ತಾವಾಗಿ ಬಂದು ಕೂರುವ ಹುಡುಗರು ಕಡಿಮೆ. ವಿಜ್ಞಾನ ಪುಸ್ತಕದಲ್ಲಿ ಅವನಿಗೆ ಈ ವರ್ಷ ವಿದ್ಯುತ್ ಪಾಠವಿದೆ, ಒಂದೊಂದು ಬಟನ್ನೂ ಒಂದು ಸ್ವಿಚ್, ಎಲ್ಲದಕ್ಕೂ ಒಂದೇ ಗ್ರೌಂಡ್ ವಯರ್ ಸರಪಳಿಯಾಗಿ ಸುತ್ತಿಬರುತ್ತದೆ ಎಂಬುದನ್ನು ಕೈಯಾರೆ ನೋಡಲಿ. ಇದರಿಂದ ಅಂಕ ಹೆಚ್ಚುತ್ತದೆ ಎಂದು ಅಪ್ಪ ವಾದಿಸಿದರೆ ಮಾತ್ರ ನಂಬಬೇಡಿ. ವಯರಿಂಗ್ ಎಲ್ಲ ಐದು ವೋಲ್ಟಿನದು, ಅದರಲ್ಲಿ ಅಪಾಯವಿಲ್ಲ. 230 ವೋಲ್ಟಿನ ಭಾಗ, ಅಂದರೆ ಮಾನಿಟರ್ ಮತ್ತು ಅಡಾಪ್ಟರ್‌ಗಳ ಪ್ಲಗ್ಗುಗಳು, ಅರ್ತಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿ ಪೆಟ್ಟಿಗೆಯ ಮೂಲೆಯಲ್ಲಿ ಬಿಗಿಯಾಗಿ ಕೂರಲಿ, ಅದನ್ನು ಎಲೆಕ್ಟ್ರಿಷಿಯನ್ ಒಮ್ಮೆ ನೋಡಿ ಹೋಗಲಿ.

ಗಡುವು ಹಾಕಿ. ದಸರಾ ರಜೆ ಮುಗಿಯುವುದರೊಳಗೆ ಪೆಟ್ಟಿಗೆ ಓಡಬೇಕು. ಓಡದಿದ್ದರೆ ಎಲ್ಲವನ್ನೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನ ಇಳಿಸುವುದು. ಈ ಷರತ್ತಿಗೆ ಅಪ್ಪ ಮಗ ಇಬ್ಬರೂ ಈಗಲೇ ಒಪ್ಪಬೇಕು. ಆಟದ ಹೊತ್ತಿಗೆ ಗಡಿಯಾರ ಹಿಡಿದು ನೀವು ಪೊಲೀಸಾಗಬೇಡಿ. ಇಂಥ ಪೆಟ್ಟಿಗೆಗಳಲ್ಲಿ ನಾಣ್ಯದ ಬದಲು ಒಂದು ಬಟನ್ ಇರುತ್ತದೆ, ಸತ್ತಾಗಲೆಲ್ಲ ಅದನ್ನು ಒತ್ತಿದರೆ ಮತ್ತೆ ಜೀವ ಬರುತ್ತದೆ. ಹಾಗಾಗಿ ಸಾಯುವ ಅಂಜಿಕೆ ಇಲ್ಲದೆ ಆಟ ಒಂದು ಗಂಟೆಗೆ ಮುಗಿದುಹೋಗುತ್ತದೆ, ವಾರದೊಳಗೆ ಬೇಸರ. ಬದಲಿಗೆ ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಸೀಳು ಕೊಯ್ದು, ಒಳಗೆ ಡಬ್ಬಿ ಇಟ್ಟು, ಭಾನುವಾರಕ್ಕೆ ತಲಾ ಒಂದು ರೂಪಾಯಿಯ ಮೂರು ನಾಣ್ಯ ಎಂದು ಗೊತ್ತುಮಾಡಿ. ಎಲೆಕ್ಟ್ರಾನಿಕ್ಸ್ ಏನೂ ಬೇಡ. ನಾಣ್ಯ ಬಿದ್ದರೆ ಆ ಬಟನ್ ಒಂದು ಸಲ ಒತ್ತಬಹುದು, ಅಷ್ಟೇ. ಆಗ ಒಂದೊಂದು ಜೀವಕ್ಕೂ ಹುಷಾರಾಗಿ ಆಡುತ್ತಾರೆ. ಅಪ್ಪನಿಗೂ ಮೂರೇ.

ಮರದ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮೂರಲ್ಲಿ ಬಡಗಿಗಳಿಗೆ ಬರವಿಲ್ಲ. ಅಗ್ಗವೆಂದು ಎಂಡಿಎಫ್ ಮಾತ್ರ ಬೇಡ, ನಿಮ್ಮ ಕಡೆಯ ಮಳೆಗಾಲಕ್ಕೆ ಅದರ ಅಂಚು ಉಬ್ಬಿ ಬಿರಿಯುತ್ತದೆ. ಕೊಯ್ಯುವಾಗ ಏಳುವ ನುಣ್ಣನೆಯ ಧೂಳೂ ಎದೆಗೆ ಒಳ್ಳೆಯದಲ್ಲ. ಪ್ಲೈ ಇದೆಯಲ್ಲ, ಅದೇ ಸಾಕು, ಕೊಯ್ಯುವುದನ್ನು ಜಗಲಿಯಲ್ಲಿ ಮಾಸ್ಕ್ ಹಾಕಿಕೊಂಡು ಮಾಡಲಿ. ಎರಡು ಪಕ್ಕದ ಹಲಗೆಗಳನ್ನು ಒಂದರ ಮೇಲೊಂದು ಬಿಗಿದು ಒಟ್ಟಿಗೆ ಕೊಯ್ದರೆ ಎರಡೂ ಒಂದೇ ಅಳತೆಗೆ ಬರುತ್ತವೆ. ಈಗಾಗಲೇ ಕೊಯ್ದಿರುವ ಆಳೆತ್ತರದ ಹಲಗೆ ವ್ಯರ್ಥವಾಗುವುದಿಲ್ಲ, ಬಾರ್‌ಟಾಪ್‌ನ ಪಕ್ಕಗಳು ಅದರಲ್ಲೇ ಹೊರಡಬಹುದು. ಹಿಂಭಾಗದಲ್ಲಿ ಕೆಳಗೊಂದು ಮೇಲೊಂದು ಗಾಳಿಕಿಂಡಿ ಬಿಡಬೇಕು, ಲ್ಯಾಪ್‌ಟಾಪ್ ಮಲಗಿಸಿದರೆ ಅದರ ಫ್ಯಾನಿನ ಬಾಯಿಗೆ ಅಡ್ಡವಾಗಿ ಹಲಗೆ ಬರಕೂಡದು. ಹಿಂದಿನ ಹಲಗೆಗೆ ಫೆವಿಕಾಲ್ ಬಳಿಯದೆ ಸ್ಕ್ರೂ ಹಾಕಲಿ, ಏನಾದರೂ ಕೆಟ್ಟಾಗ ಬಿಚ್ಚಬೇಕಲ್ಲ.

ಸದ್ದು ಕಡಿಮೆ ಮಾಡುವ ತಿರುಗುಗುಂಡಿ ಪೆಟ್ಟಿಗೆಯ ಹೊರಗೆ, ಅತ್ತೆಯವರ ಕೈಗೆ ಸಿಗುವ ಪಕ್ಕಕ್ಕೆ ಇರಲಿ. ಬಹಳಷ್ಟು ಜನ ಅದನ್ನು ಒಳಗೇ ಬಿಟ್ಟು, ಆಮೇಲೆ ರಾತ್ರಿ ಒಂಬತ್ತರ ಧಾರಾವಾಹಿ ಹೊತ್ತಿಗೆ ಬೆನ್ನಿನ ಹಲಗೆ ಬಿಚ್ಚುತ್ತಾ ಕೂರುತ್ತಾರೆ.

ಡಬ್ಬಾ ಟಿವಿಯನ್ನು ಇಟ್ಟುಕೊಳ್ಳುವುದಿಲ್ಲ ಎಂದು ತೀರ್ಮಾನವಾದರೆ ಅದನ್ನು ತಂದ ಗುಜರಿಗೇ ವಾಪಸ್ ಕೊಡಬೇಡಿ. ತಾಮ್ರಕ್ಕಾಗಿ ಒಡೆಯುತ್ತಾರೆ, ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರು ಯಾರೆಂದು ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ, ಅವರಿಗೆ ಒಪ್ಪಿಸಿ. ದಿವಾನವನ್ನು ಮಾತ್ರ ಈ ವಾರವೇ ಹಾಲ್‌ಗೆ ತನ್ನಿ, ಪೆಟ್ಟಿಗೆ ಮುಗಿಯುವವರೆಗೆ ಕಾಯಬೇಡಿ.